ಹಳದಿ ಪುಡಿ ತಿಂದ ಹಂದಿಗಳು

ಮೊನ್ನೆ ಜೇವರ್ಗಿಯ ನಮ್ಮ ಲ್ಯಾಬಿನಲ್ಲಿ ಕ್ರಿಮಿ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದೆ. ಹುಳಿತ ನುಚ್ಚಿನ ವಾಸನೆ ಬಂತು. ನಮ್ಮೂರು ನರೋಣಾದಲ್ಲಿ ಮಗ್ಗುಲ ಮನೆಯ ಕಾಕಾನ ಹಂದಿ ದೊಡ್ಡಿಯ ವಾಸನೆ...

ಒಮ್ಮೆ ಕಾಕಾನ ಹಂದಿಗಳಿಗೆ ಭೇದಿ ಹತ್ತಿ, ಔಷಧದಂಗಡಿಯ ಹಳದಿ ಪುಡಿಯಿಂದ ವಾಸಿಯಾಗಿತ್ತು. ಅಂದಿನಿಂದ ಜಡ್ಡು ಇರಲಿ ಬಿಡಲಿ, ದಿನಾ ಮುಂಜಾನೆ ಅಂಬಲಿಗೆ ಆ ಪುಡಿ ಹಾಕಿ, ಬರಿಗೈಯಿಂದ ಕಲಸಿ, ಉಪ್ಪು ನೋಡುವಂತೆ ಬೆರಳು ನೆಕ್ಕುತ್ತಿದ್ದ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು; ಹೇಳಿಕೊಳ್ಳಲು ಸಂಕೋಚವಿಲ್ಲ. ಆಗಿನ್ನೂ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಹೋಗುತ್ತಿದ್ದೆ. ದಿನಾ ತಿನ್ನಿಸಿದರೆ ಕ್ರಿಮಿಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ ಅಂದೆ. ಕಾಕಾ ನಕ್ಕ.

“ಸಾಲಿ ಕಲ್ತಾಕಿ, ನನ್ನ ಹಂದಿ ನೋಡಬೇ. ನಿನಗಿಂತ ಗಟ್ಟಿ ಅದಾವ.”

ನಿಜವೇ. ಒಂದೂ ಕೆಮ್ಮುತ್ತಿರಲಿಲ್ಲ. ಮೈ ಮಿರಿಮಿರಿ ಮಿಂಚುತ್ತಿತ್ತು.

ಆಮೇಲೆ ಒಂದು ಹಂದಿ ಕಾಕಾನ ಅಂಗೈ ಕಚ್ಚಿತು. ಗಾಯ ಮಾಯಲಿಲ್ಲ, ಜ್ವರ ಇಳಿಯಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಸೂಜಿಮದ್ದು ಬದಲಿಸಿ ಬದಲಿಸಿ ಡಾಕ್ಟರು ಸೋತರು. “ಯಾವ ಔಷಧನೂ ನಾಟವಲ್ದು,” ಅಂದರು.

ನೋಡಲು ಹೋದಾಗ ಕಾಕಾ ಕೇಳಿದ: “ಹಂದಿ ಹ್ಯಾಂಗ ಅದಾವ?”

“ಚಲೋ ಅದಾವ್ರಿ ಕಾಕಾ.”

“ನೋಡು ಮತ್ತ. ನನ್ನ ಮಾತು ಸುಳ್ಳಾತೇನು?”

ಆ ಸಂಜೆ ಊರಿಗೆ ಬಂದಾಗ ದೊಡ್ಡಿಯಲ್ಲಿ ಸದ್ದಿರಲಿಲ್ಲ. ಹಂದಿಗಳೆಲ್ಲ ಕಾಕಾನ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಿದ್ದವು. ಕಾಕಾನ ಮಗ ಸುರಿದಿದ್ದ ಅಂಬಲಿ ಹಾಗೇ ಇತ್ತು. ಒಂದೂ ಕಿವಿ ಅಲ್ಲಾಡಿಸಲಿಲ್ಲ... ನಾನು ಚಪ್ಪಲಿ ಸದ್ದಾಗದಂತೆ ದಾಟಿ ಹೋದೆ.

ಕಾಕಾ ತಿರುಗಿ ಬರಲಿಲ್ಲ. ಯಾರೋ ವ್ಯಾಪಾರಿ ಹಂದಿಗಳನ್ನು ಟೆಂಪೋದಲ್ಲಿ ಒಯ್ದ. ಎಲ್ಲಿಗೆ ಹೋದವೋ...

ಮೊನ್ನೆ ಪೆಟ್ಟಿಗೆಯಿಂದ ತೆಗೆದ ತಟ್ಟೆಯಲ್ಲಿದ್ದದ್ದು ಅತನೂರದ ಹೆಣ್ಣುಮಗಳೊಬ್ಬಳ ಕಾಲಿನ ಕೀವಿನಿಂದ ಬೆಳೆಸಿದ ಕ್ರಿಮಿ. ಔಷಧದ ಬಿಲ್ಲೆ ಇಟ್ಟಲ್ಲಿ ಕ್ರಿಮಿ ಸತ್ತು, ಸುತ್ತ ಬಯಲಿನಂತೆ ಒಂದು ಉಂಗುರ ಮೂಡಬೇಕು. ಯಾವ ಬಿಲ್ಲೆಯ ಸುತ್ತಲೂ ಉಂಗುರವಿಲ್ಲ. ಕ್ರಿಮಿಗಳು ಬಿಲ್ಲೆಗಳಿಗೇ ಒತ್ತಿಕೊಂಡು, ತಟ್ಟೆಯ ಅಂಚಿನ ತನಕ ಮಿರಿಮಿರಿ ಬೆಳೆದಿದ್ದವು.

ಕಾಕಾನ ದೊಡ್ಡಿಯದೇ ಸಂತಾನವೋ ಏನೋ, ಹೇಳುವ ಪರೀಕ್ಷೆ ನನ್ನ ಹತ್ತಿರ ಇಲ್ಲ. ಹಂದಿ ಸಾಕಿದ್ದಿರೇನು ಅಂತ ಹೊರಗೆ ಹೋಗಿ, ಕಾಯುತ್ತಾ ಕೂತಿದ್ದ ಆಕೆಯನ್ನು ಕೇಳಿದೆ.

“ಹಂದಿ ಸನೇಕ ಸೈತ ಹೋಗಿಲ್ರಿ ಅಕ್ಕಾರ,” ಅಂದಳು. “ನನಗ ಯಾವ ಔಷಧ ಹತ್ತತೈತಿ, ಅದನ್ನ ಹೇಳ್ರಿ.”

ಕಾಕಾ ಇದ್ದಿದ್ದರೆ ಆ ತಟ್ಟೆ ಅವನಿಗೇ ತೋರಿಸುತ್ತಿದ್ದೆ. ಗೆದ್ದೆ ಅನ್ನಲು ಅಲ್ಲ... ಆಕೆಗೆ ಉತ್ತರ ಹೇಳುವಾಗ ಮಗ್ಗುಲಲ್ಲಿ ಯಾರಾದರೂ ನಿಲ್ಲಲಿ ಅಂತ.