ಹೊಂಕೆಲಾ ಲಾಂಛನದ ಕೊಂಬೆಗಳು

ಸೈಮಿ ಹೊಂಕೆಲಾ ಹೊಲಿದ ಬಟ್ಟೆ ಇಲ್ಲದ ಮನೆ ಆ ಸರೋವರದ ಸುತ್ತ ಒಂದೂ ಇರ್ಲಿಲ್ಲ! ಮದುವೆ ಬಟ್ಟೆ ಅವಳದ್ದೇ, ಕಿಟಕಿ ಪರದೆ ಅವಳದ್ದೇ, ಕೊನೆಗೆ ಶವಪೆಟ್ಟಿಗೆ ಒಳಗೆ ಹಾಸೋ ಬಿಳಿ ಬಟ್ಟೆನೂ ಅವಳದ್ದೇ. ತಾನು ಮಾತ್ರ ಮದುವೆ ಆಗ್ಲಿಲ್ಲ. ಯಾಕಮ್ಮ ಅಂದ್ರೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಅಳತೆ ತಗೊಂಡು ನೋಡ್ದೆ, ಯಾವನೂ ಸರಿಹೋಗ್ಲಿಲ್ಲ" ಅಂತಿದ್ಲು. ಎಪ್ಪತ್ತು ದಾಟಿದ್ರೂ ಅಪ್ಪನ ಅಂಗಳದ ಪುಟ್ಟ ಮನೇಲೇ ವಾಸ. ಎದುರಿನ ದೊಡ್ಡ ಮನೇಲಿ ತಮ್ಮ ತೌನೊ, ಅವನ ಹೆಂಡ್ತಿ ಎಲ್ಮಾ. ಮೂರೂ ಜನ ದಿನಾ ಒಟ್ಟಿಗೆ ಕಾಫಿ ಕುಡಿಯೋದು, ದಿನಾ ಜಗಳ ಆಡೋದು, ಆರಾಮಾಗಿದ್ರು.

ಮಾರ್ಚ್ ತಿಂಗಳಲ್ಲಿ, ಸರೋವರ ಇನ್ನೂ ಗಟ್ಟಿ ಹೆಪ್ಪುಗಟ್ಟಿದ್ದಾಗ, ಎಲ್ಮಾ ಹೋಗ್ಬಿಟ್ಲು.

ಚರ್ಚಿಗೆ ಹೋಗೋ ದಾರೀಲಿ ಒಂದು ಹಳೇ ಪೈನ್ ಮರ ಇದೆ. ಹೊಂಕೆಲಾ ಮನೆಯಿಂದ ಯಾರ ಹೆಣ ಹೊರಟ್ರೂ ಅಲ್ಲಿ ನಿಲ್ಲಿಸ್ತಾರೆ, ಒಂದು ಕೊಂಬೆ ಕಡೀತಾರೆ. ಸತ್ತೋರಿಗೆ ಮನೆ ನೆನಪಾಗಿ ಸಮಾಧಿಯಿಂದ ಎದ್ದು ಬಂದ್ರೂ ಆ ಮರದ ತನಕ ಮಾತ್ರ ಬರ್ತಾರೆ. ಕಡಿದ ತನ್ನ ಕೊಂಬೆ ನೋಡಿ, ಓ ನಾನು ಸತ್ತಿದ್ದೀನಲ್ವಾ ಅಂತ ನೆನಪಾಗಿ, ವಾಪಸ್ ತಿರುಗ್ತಾರೆ. ಮರ ದಾಟೋ ಹಾಗಿಲ್ಲ. ಎಲ್ಮಾಳ ಕೊಂಬೆನ ತೌನೊ ತಾನೇ ಗರಗಸ ಹಿಡಿದು ಕೊಯ್ದ. ಕೊಯ್ದಾದ್ಮೇಲೂ ಕೈ ಮರದ ಆ ಗಾಯದ ಮೇಲೇ ಇಟ್ಕೊಂಡು ನಿಂತಿದ್ದ. ಸೈಮಿ ತೋಳು ಹಿಡಿದು ಎಳ್ಕೊಂಡು ಬರ್ಬೇಕಾಯ್ತು.

ಅವತ್ತಿಂದ ಅವನು ಪೊರಕೆ ಮುಟ್ಟೋದು ಬಿಟ್ಟ. ಅಲ್ಲೆಲ್ಲಾ ಬಾಗಿಲಿಗೆ ಬೀಗ ಹಾಕಲ್ಲ, ಹೊರಗೆ ಹೋಗೋವಾಗ ಬಾಗಿಲಿಗೆ ಪೊರಕೆ ಒರಗಿಸ್ತಾರೆ, ಮನೇಲಿ ಯಾರೂ ಇಲ್ಲ ಅಂತ ತಿಳಿಸೋಕೆ. ತೌನೊ ಮೀನಿಗೆ ಹೋದ್ರೂ ಒರಗಿಸ್ತಿರ್ಲಿಲ್ಲ.

"ಬಂದೋರಿಗೆ ಗೊತ್ತಾಗೋದು ಹೇಗೋ?" ಅಂತ ಸೈಮಿ ಬೈದ್ಲು.

"ಅದಕ್ಕೇ ಅಕ್ಕ. ಬಂದೋರು ಹಾಗೇ ಹೊರಟು ಹೋಗ್ಬಾರ್ದು," ಅಂದ ಅವನು. ಬಂದೋರು ಅಂದ್ರೆ ಯಾರು ಅಂತ ಅವಳಿಗೆ ಆಗ ಹೊಳೀತು.

ಇಷ್ಟರಲ್ಲಿ ಹೊಂಕೆಲಾ ಕುಟುಂಬ ಸಂಘಕ್ಕೆ ಲಾಂಛನದ ಹುಚ್ಚು ಹತ್ತಿತು! ಅಧ್ಯಕ್ಷ ಪೆಂತ್ತಿ, ಸೈಮಿ-ತೌನೊ ಅವರ ಅಣ್ಣನ ಮಗ, ಪೇಟೇಲಿ ಹಲ್ಲಿನ ಡಾಕ್ಟರು, ಜುಲೈನ ಕುಟುಂಬ ಕೂಟಕ್ಕೆ ಲಾಂಛನದ ಧ್ವಜ ಹಾರಲೇಬೇಕು ಅಂತ ಕೂತ. ಕರಡಿ ಬೇಕು ಅಂದ್ರು ಕೆಲವರು, ದೋಣಿ ಅಂದ್ರು ಕೆಲವರು. ಯಾವ ಸಭೇಲೂ ಬಾಯಿ ಬಿಡದ ತೌನೊ ಎದ್ದು ನಿಂತು, "ನಮ್ಮ ಪೈನ್ ಮರ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಸೈಮಿಗೆ ಅವತ್ತು ಜ್ವರ, ಸಭೆಗೆ ಹೋಗಿರ್ಲಿಲ್ಲ.

ಹೊಲಿಯೋಕೆ ಅಂತ ಪೆಂತ್ತಿ ಚಿತ್ರ ತಂದು ಮೇಜಿನ ಮೇಲೆ ಹರಡಿದಾಗ ಅವಳ ಕೈಯಿಂದ ಏಲಕ್ಕಿ ಬನ್ನು ಜಾರಿ ಬಿತ್ತು. ಹಸಿರು ಹಿನ್ನೆಲೆ ಮೇಲೆ ಬೆಳ್ಳಿ ಪೈನ್, ಬರೀ ಮೋಟು ಕೊಂಬೆಗಳು.

"ಇದನ್ನ ನಮ್ಮ ಅಂಗಳದ ಕಂಬಕ್ಕೆ ಏರಿಸ್ತೀಯೇನೋ? ಆ ಮರ ಇರೋದು ದಾರೀಲಿ. ಅದೇ ಗಡಿ. ಗಡಿನ ಮನೆ ಬಾಗಿಲಿಗೆ ತಂದ್ರೆ ಅವರೂ ಬಾಗಿಲ ತನಕ ಬರ್ತಾರಲ್ಲೋ!"

"ಅಯ್ಯೋ ಅತ್ತೆ, ದೆವ್ವ ಬಂದ್ರೆ ಕಾಫಿ ಕೊಡಿ, ಹಲ್ಲು ನೋವಿದ್ರೆ ನನ್ನ ಹತ್ರ ಕಳಿಸಿ," ಅಂತ ಪೆಂತ್ತಿ ನಕ್ಕ.

"ನಗು, ನಗು. ಈ ಮೋಟು ಕೊಂಬೆ ಇರಲೇಬೇಕಾ?"

ಪೆಂತ್ತಿಗೆ ಇದೇ ಬೇಕಿತ್ತು, ಲಾಂಛನಗಳ ಬಗ್ಗೆ ತಿಂಗಳುಗಟ್ಟಲೆ ಓದಿದ್ದೆಲ್ಲಾ ಹೊರಗೆ ಬಂತು. "ಲಾಂಛನ ಅಂದ್ರೆ ಚಿತ್ರ ಅಲ್ಲ ಅತ್ತೆ, ಮಾತು! ಸಭೆ ಒಪ್ಪಿದ್ದು 'ಹಸಿರಿನ ಮೇಲೆ ಬೆಳ್ಳಿ ಪೈನ್' ಅನ್ನೋ ಮಾತನ್ನ. ಮರನ ಯಾರು ಹೇಗೆ ಬರೆದ್ರೇನು, ಬಣ್ಣ ಮಾತ್ರ ಬದಲಾಗ್ಬಾರ್ದು, ಅಷ್ಟೇ."

ಸೈಮಿ ಸೀದಾ ಸೌನಾ ಕಡೆ, ಆ ಉಗಿಸ್ನಾನದ ಮನೆ ಕಡೆ ಹೋದ್ಲು, ತೌನೊ ಅಲ್ಲಿ ಸೌದೆ ಒಡೀತಿದ್ದ. ತಾನು ಮಿಂದು ಬಂದ್ಮೇಲೂ, ಇನ್ಯಾರೋ ಮೀಯೋಕೆ ಬರೋರಿದ್ದಾರೆ ಅನ್ನೋ ಹಾಗೆ, ಒಲೆಗೆ ಇನ್ನೊಂದಷ್ಟು ಸೌದೆ ತುಂಬೋದು ಅವನಿಗೆ ಇತ್ತೀಚಿನ ಅಭ್ಯಾಸ.

"ನಿಂಗೆ ಗೊತ್ತಿದ್ದೇ ಆ ಮರ ಹೇಳ್ದೆ ಅಲ್ವಾ?"

"ಹ್ಞೂಂ."

"ತೌನೊ, ಬಂದೋರು ಒಬ್ರೇ ವಾಪಸ್ ಹೋಗಲ್ಲ ಅಂತ ಅಜ್ಜಿ ಹೇಳ್ತಿದ್ಲು."

"ಗೊತ್ತು ಅಕ್ಕ," ಅಂದ. ಕೊಡಲಿ ಎತ್ತಿದ. ಅವನ ಮುಖದಲ್ಲಿ ಭಯನೇ ಇರ್ಲಿಲ್ಲ, ಅದೇ ಅವಳಿಗೆ ಭಯ ಆಗಿದ್ದು.

ಉಳಿದಿರೋ ಒಬ್ಬ ತಮ್ಮ! ಅವನನ್ನ ಬಿಟ್ಟುಕೊಡೋದಾ? ಸೈಮಿ ಬಾಗಿಲು ಹಾಕ್ಕೊಂಡು ಹೊಲಿಯೋಕೆ ಕೂತ್ಲು. ಬೆಳ್ಳಿ ಬಟ್ಟೇಲಿ ಕಾಂಡ, ಆಮೇಲೆ ಪ್ರತಿ ಮೋಟಿಗೂ ತುಂಬು ಕೊಂಬೆ, ಪ್ರತಿ ಕೊಂಬೆಗೂ ಸೂಜಿಯಂಥ ಎಲೆ. ಒಂದೂ ಕಡಿಯದ ಮರ ಬರೀ ಮರ. ಅದನ್ನ ನೋಡ್ಕೊಂಡು ಯಾವ ಸತ್ತೋರೂ ಬರಲ್ಲ. ಬೆರಳು ಚುಚ್ಚಿ ರಕ್ತ ಬಂದ್ರೂ ನಿಲ್ಲಿಸ್ಲಿಲ್ಲ.

ಕೂಟದ ದಿನ ಹೊಂಕೆಲಾಗಳೆಲ್ಲಾ ಅಂಗಳದಲ್ಲಿ ತುಂಬಿಕೊಂಡ್ರು, ಮೀನು ತುಂಬಿದ ರೊಟ್ಟಿ ತಿಂದ್ರು, ಅಕಾರ್ಡಿಯನ್ ನುಡಿಸಿದ್ರು. ಮನೆ ಯಜಮಾನ ಅಂತ ತೌನೊನೇ ಹಗ್ಗ ಎಳೆದ. ಉದ್ದನೆ ಧ್ವಜ ಸರ್ರಂತ ಏರಿ ಗಾಳಿಗೆ ಬಿಚ್ಚಿಕೊಂಡಿತು, ತುಂಬು ಮರ! ಜನ "ಆಹಾ" ಅಂದ್ರು. ಪೆಂತ್ತಿನೂ ಒಂದು ಕ್ಷಣ ಹುಬ್ಬು ಗಂಟಿಕ್ಕಿ, "ಮಾತಿಗೇನೂ ತಪ್ಪಿಲ್ಲ ಬಿಡಿ" ಅಂದ.

ತೌನೊ ಮಾತ್ರ ಹಗ್ಗ ಹಿಡ್ಕೊಂಡೇ ತುಂಬಾ ಹೊತ್ತು ಮೇಲೆ ನೋಡ್ದ. ಆಮೇಲೆ ಅಕ್ಕನ ಕಡೆ ತಿರುಗಿ, ಮೆತ್ತಗೆ, "ಹೊಲಿಗೆ ಚೆನ್ನಾಗಿದೆ ಅಕ್ಕ. ನಿನ್ನ ಕತ್ತರಿ ಒಂದು ಸ್ವಲ್ಪ ಕೊಡು, ಬಲೆ ದಾರ ಕತ್ತರಿಸ್ಬೇಕು," ಅಂದ.

ಗೆದ್ದ ಖುಷಿ ಅವಳಿಗೆ. ಕೊಟ್ಟುಬಿಟ್ಲು.

ಬೆಳಿಗ್ಗೆ ಕಾಫಿ ಕುಡಿಯೋಕೆ ಅಂತ ಅಂಗಳ ದಾಟಿದವಳು ತಲೆ ಎತ್ತಿದ್ಲು. ಧ್ವಜ ಹಾಗೇ ಹಾರ್ತಿತ್ತು. ಮರದ ಒಂದು ಕೊಂಬೆ ಇರ್ಲಿಲ್ಲ, ಬುಡದ ತನಕ ನೀಟಾಗಿ ಕತ್ತರಿಸಿತ್ತು, ಆ ತೂತಿಂದ ಆಕಾಶ ಕಾಣ್ತಿತ್ತು. ಎಲ್ಮಾಳದ್ದು ಅಂತ ಅವಳಿಗೆ ತಕ್ಷಣ ಗೊತ್ತಾಯ್ತು. ಗಾಳಿ ಬೀಸಿ ಬಟ್ಟೆ ಪೂರ್ತಿ ಬಿಚ್ಚಿಕೊಂಡಾಗ ಅದರ ಪಕ್ಕದಲ್ಲೇ ಇನ್ನೊಂದು ತೂತು ಕಾಣಿಸ್ತು.

"ತೌನೊ!" ಅಂತ ಕೂಗಿದ್ಲು.

ದೊಡ್ಡ ಮನೆ ಬಾಗಿಲು ಮುಚ್ಚಿತ್ತು. ಅದಕ್ಕೆ ಪೊರಕೆ ಒರಗಿಸಿತ್ತು.