ಜಲಜಕ್ಕನ ಎಡಗೆನ್ನೆ ಮತ್ತು ನಾಲ್ಕು ದೇಶಗಳ ಪಟ್ಟಿ

ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಉಡುಪಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಆಗ ನನ್ನ ತಲೆಗೆ ಕಟ್ಟಿದ ಕೆಲಸ ಇದು: ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳ ‘ಕಾಂಪಿಟೆನ್ಸಿ ಸ್ಟ್ಯಾಂಡರ್ಡ್’ಗಳನ್ನು, ಅಂದರೆ ಒಬ್ಬ ನರ್ಸಿಗೆ ಏನೇನು ಬರಬೇಕು ಎಂಬ ಮಾನದಂಡಗಳನ್ನು, ಹೋಲಿಸಿ ನಮ್ಮ ಆಸ್ಪತ್ರೆಗೊಂದು ಪರೀಕ್ಷಾ ಪಟ್ಟಿ ಮಾಡುವುದು. ನೆರವಿಗೆ ಶ್ರೀಲಂಕಾದಿಂದ ಮಾಲಿನಿ ಎಂಬ ನರ್ಸಿಂಗ್ ಶಿಕ್ಷಕಿ ಬಂದಿದ್ದರು. ‘ಪರಿಶೀಲಿಸಬೇಕು’ ಎನ್ನುವುದೋ ‘ಖಚಿತಪಡಿಸಿಕೊಳ್ಳಬೇಕು’ ಎನ್ನುವುದೋ ಎಂದು ನಾವಿಬ್ಬರು ಒಂದು ಇಡೀ ಬೆಳಿಗ್ಗೆ ಜಗಳವಾಡಿದೆವು. ಗೆದ್ದದ್ದು ನಾನೇ. ಸೋತು ನನಗೆ ಅಭ್ಯಾಸವಿಲ್ಲ.

ಪಟ್ಟಿಯ ಮೊದಲ ಪರೀಕ್ಷೆಗೆ ನಿಂತವಳು ಬೆಳ್ಮಣ್ಣಿನ ಸುನಂದಾ. ಕೆಲಸದಲ್ಲಿ ಗಟ್ಟಿಗಿತ್ತಿ, ಬಾಯಿ ಮಾತ್ರ ನಿಲ್ಲುವುದಿಲ್ಲ. ಪಾಸಾದರೆ ವಾರ್ಡಿನ ಚಾರ್ಜ್ ನರ್ಸ್ ಹುದ್ದೆ ಅವಳಿಗೆ. ಅದು ಎರಡು ಸಲ ಕೈತಪ್ಪಿತ್ತು. ಎರಡು ಸಲವೂ ‘ಮಾತು ಜಾಸ್ತಿ’ ಎಂದು ಬರೆದವಳು ನಾನೇ. ಮೂರನೆಯ ಸಲವೂ ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ.

ರೋಗಿ ಕಾಪುವಿನ ಜಲಜಕ್ಕ, ಮೀನು ಮಾರುವವರು. ಪಿತ್ತಕೋಶದ ಕಲ್ಲಿಗೆ ಆಪರೇಷನ್. ಅರಿವಳಿಕೆಗೆ ಮೊದಲು ಹೊಟ್ಟೆ ಖಾಲಿ ಇರಲೇಬೇಕು. ಸುನಂದಾ ಪಟ್ಟಿಯಲ್ಲಿದ್ದಂತೆಯೇ ಕೇಳಿದಳು.

“ಎಂತದೂ ತಿನ್ನಲಿಲ್ಲ ಮಗಾ. ನೀರು ಸಹ ಮುಟ್ಟಲಿಲ್ಲ, ದೇವರಾಣೆ,” ಎಂದರು ಜಲಜಕ್ಕ.

ನಾನು ಟಿಕ್ ಹಾಕಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುನಂದಾ ಮಂಚದ ಅಂಚಿಗೆ ಕೂತು, ಬಂಗುಡೆ ಮೀನು ಬರುತ್ತಾ ಉಂಟಾ, ಈಗ ಬುಟ್ಟಿ ಹೊರುವುದು ಯಾರು ಎಂದು ಪಟ್ಟಾಂಗಕ್ಕೆ ಇಳಿದಳು. ನನಗೆ ಮೈಯೆಲ್ಲ ಉರಿಯಿತು. ‘ಅನಗತ್ಯ ಮಾತು, ಸೊನ್ನೆ’ ಎಂದು ಬರೆದೇಬಿಟ್ಟೆ.

ಅಷ್ಟರಲ್ಲಿ, ಮಾತಿನ ನಡುವೆ ಜಲಜಕ್ಕನ ನಾಲಿಗೆ ತೊಡರುವುದನ್ನು ಗಮನಿಸಿ ಸುನಂದಾ ಕೇಳಿದಳು: “ಎಲೆಯಡಿಕೆ ಹಾಕಿದ್ದು ಎಷ್ಟೊತ್ತಿಗೆ ಅಕ್ಕಾ?”

“ಅದು ತಿನ್ನುವ ಲೆಕ್ಕವಾ ಮಾರಾಯ್ತಿ? ಅದು ಬಾಯಲ್ಲೇ ಉಂಟಲ್ಲ!” ಎಂದು ಜಲಜಕ್ಕ ಬಾಯಿ ತೆರೆದರು.

ಎಡಗೆನ್ನೆಯೊಳಗೆ ಒಂದು ದಪ್ಪ ಉಂಡೆ, ಹೊಗೆಸೊಪ್ಪು ಸಮೇತ. ಅಯ್ಯೋ ದೇವರೇ! ಅರಿವಳಿಕೆಯಲ್ಲಿ ಅದು ಗಂಟಲಿಗೆ ಜಾರಿದ್ದರೆ ಉಸಿರೇ ಕಟ್ಟುತ್ತಿತ್ತು. ನಾನು ಹಾಕಿದ್ದ ಟಿಕ್ಕನ್ನು ಹೊಡೆದುಹಾಕಿದೆ.

ನನ್ನ ಪಕ್ಕದಲ್ಲೇ ನಿಂತಿದ್ದ ಮಾಲಿನಿ ನಕ್ಕು ನಕ್ಕು ಗೋಡೆಗೆ ಒರಗಿದರು. ತಮ್ಮೂರಿನ ಅಜ್ಜಿಯರೂ ಥೇಟ್ ಹೀಗೆಯೇ, ಎಲೆಯಡಿಕೆ ಅವರಿಗೂ ಆಹಾರವಲ್ಲ ಎಂದರು. ನಾವು ಗುಡ್ಡೆ ಹಾಕಿಕೊಂಡಿದ್ದ ನಾಲ್ಕು ದೇಶಗಳ ಕಾಗದಗಳನ್ನು ಮತ್ತೆ ಮಗುಚಿದೆವು. ಎಲೆಯಡಿಕೆಯ ಮಾತು ಎಲ್ಲೂ ಸಿಗಲಿಲ್ಲ. ಡಾಕ್ಟರು ಆಪರೇಷನ್ ಮರುದಿನಕ್ಕೆ ಹಾಕಿದರು. “ಒಂದು ಎಲೆಗೆ ಇಷ್ಟು ಗಲಾಟೆಯಾ?” ಎಂದು ಜಲಜಕ್ಕ ಮುಖ ಊದಿಸಿಕೊಂಡರು.

ನಾನು ಸುನಂದಾಳನ್ನು ಕೋಣೆಗೆ ಕರೆದು, “ತಪ್ಪು ನನ್ನದು, ಕ್ಷಮಿಸು,” ಎಂದೆ. ಹೇಳುವಾಗ ನಿಜವಾಗಿಯೂ ನಾಚಿಕೆಯಾಯಿತು.

“ಹಾಗಾದರೆ ನಾನು ಪಾಸಾ ಮೇಡಂ?”

“ನೀನು ಪಾಸು. ಫೇಲಾದದ್ದು ನಾನು.”

ರೋಗಿಯ ಪಕ್ಕ ಕೂತು ನಾಲ್ಕು ಮಾತಾಡುವುದೂ ಪರೀಕ್ಷೆಯ ಒಂದು ಭಾಗ ಎಂದು ಈ ವೃತ್ತಿ ನನಗೆ ಕಲಿಸಿತು. ಪಟ್ಟಿಯಲ್ಲಿ ಅದನ್ನೇ ಮೊದಲ ಸಾಲಾಗಿ ಸೇರಿಸಿದೆ. ನಾನು ಇಷ್ಟನ್ನು ಕಲಿಯುವಷ್ಟರಲ್ಲಿ ಸುನಂದಾಳಿಗೆ ಎರಡು ಸಲ ಹುದ್ದೆ ಕೈತಪ್ಪಿತ್ತು.