ಬಾಟಲಿಯಲ್ಲಿ ಉಳಿದಿದ್ದ ಮೂರು ಗೆರೆ

ಕಾಂಪೌಂಡರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಅಂಗುಲ ಉದ್ದವಿತ್ತು. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಬೆಳೆಸಿದ್ದರು. ಕಾಗದದ ಪಟ್ಟಿಯನ್ನು ಮಡಿಸಿ, ಆ ಉಗುರಿನಿಂದ ಒತ್ತಿ, ಮಡಿಕೆ ಮಡಿಕೆಗೂ ಕತ್ತರಿಯಲ್ಲಿ ಕಚ್ಚು ಮಾಡಿ, ಮೈದಾ ಅಂಟಿನಿಂದ ಔಷಧಿ ಬಾಟಲಿಯ ಬೆನ್ನಿಗೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಡೋಸು. ನಾವೆಲ್ಲ ಅದಕ್ಕೆ ಗೆರೆ ಅನ್ನುತ್ತಿದ್ದೆವು. "ಗೆರೆ ದಾಟ್ಬೇಡಿ ತಾಯಿ. ಗೆರೆ ಒಳಗಿದ್ರೆ ಔಷಧಿ, ದಾಟಿದ್ರೆ ವಿಷ" ಎಂದು ಎಲ್ಲರಿಗೂ ಹೇಳಿಯೇ ಬಾಟಲಿ ಕೈಗಿಡುತ್ತಿದ್ದರು. ಹಾಗೆ ಹೇಳುತ್ತಿದ್ದವರೇ ಹೆಂಡತಿಗೆ ವಿಷ ಹಾಕಿ ಕೊಂದರು. ಇದು ಜಡ್ಜಿ ಹೇಳಿದ್ದು, ನನ್ನ ಮಾತಲ್ಲ. ಇವತ್ತಿಗೂ ಅವರ ವಿಷಯಕ್ಕೆ ನನ್ನ ಬಾಯಲ್ಲಿ ಬಹುವಚನವೇ ಬರುತ್ತದೆ. ಹಾಳು ನಾಲಿಗೆ, ಏನು ಮಾಡಲಿ?

ನಾನು ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ಅಂಗಡಿಯವರ ಮಗಳು. ಹತ್ತೊಂಬತ್ತಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಗುಮಾಸ್ತರಿಗೆ ಕೊಟ್ಟರು. ಸಾಲುಮನೆ. ಒಣಗಿಸಿದ ಸೀರೆಯ ಮೇಲೆ ಸಂಜೆಯೊಳಗೆ ಕಪ್ಪು ಧೂಳು ಕೂರುತ್ತಿತ್ತು. ನಮ್ಮ ಎಡಗೋಡೆಗೆ ಒಂದು ತಮಿಳರ ಮನೆ, ಬಲಗೋಡೆಗೆ ಕಾಂಪೌಂಡರ ಮನೆ. ಅವರು ಪೇಟೆಯಲ್ಲಿ ಒಬ್ಬ ಡಾಕ್ಟರ ಶಾಪಿನಲ್ಲಿ ಔಷಧಿ ಬೆರೆಸಿ ಕೊಡುವ ಕೆಲಸಕ್ಕಿದ್ದರು. ಡಾಕ್ಟರಿಗಿಂತ ಇವರ ಮೇಲೆಯೇ ಜನಕ್ಕೆ ನಂಬಿಕೆ. ನನಗೆ ಚಳಿಜ್ವರ ಬಂದಾಗ ಮೂರು ದಿನ ಕೆಲಸಕ್ಕೆ ಹೋಗುವ ಮುಂಚೆ ಬಂದು, ಬಾಗಿಲಲ್ಲೇ ನಿಂತು, "ತಂಗೀ, ನಾಲಿಗೆ ತೋರ್ಸು" ಎಂದು ನೋಡಿಹೋಗಿದ್ದರು.

ಹಣೆ ತುಂಬ ವಿಭೂತಿ. ಲಿಂಗಪೂಜೆಯಾಗದೆ ನೀರೂ ಮುಟ್ಟುತ್ತಿರಲಿಲ್ಲ. ಮೊಟ್ಟೆಯೆಂದರೆ ಮೂರು ಮಾರು ದೂರ. ಡಾಕ್ಟರು ಯಾರಿಗಾದರೂ ಶಕ್ತಿಗೆ ಮೊಟ್ಟೆ ತಿನ್ನಿ ಎಂದು ಬರೆದರೆ, ನಮ್ಮವರಾದರೆ ಇವರು ಕಿವಿಯ ಹತ್ತಿರ ಬಗ್ಗಿ, "ನಮ್ಮೋರಿಗೆ ಹುರಿಗಡಲೆ ಸಾಕು" ಎನ್ನುತ್ತಿದ್ದರು. ತಮಿಳರ ಮನೆಯ ಅಕ್ಕ ಹಿತ್ತಲಲ್ಲಿ ಕೋಳಿ ಸಾಕಿದ್ದಳು. ಅದೊಂದು ಸಲ ಇವರ ಜಗಲಿ ಹತ್ತಿದ್ದಕ್ಕೆ ಜಗಲಿಯನ್ನೆಲ್ಲ ಸಗಣಿ ಹಾಕಿ ಸಾರಿಸಿದರು. ನಾನೂ ಅತ್ತೆಯೂ ನಕ್ಕು ನಕ್ಕು ಸುಸ್ತಾಗಿದ್ದೆವು.

ಅವರ ಹೆಂಡತಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ನಾನು ಬಸುರಿಯಾದದ್ದು ಗೊತ್ತಾದಾಗ ಮೊದಲು ಹುಣಸೆಕಾಯಿ ತಂದುಕೊಟ್ಟವರು ಅವರೇ. ಅದೇ ತಿಂಗಳು ಅವರು ಹಾಸಿಗೆ ಹಿಡಿದರು. ಹೊಟ್ಟೆನೋವು, ವಾಂತಿ. ಗಂಡನೇ ಟಾನಿಕ್ಕು ಮಾಡಿ ತರುತ್ತಿದ್ದರು, ಅದಕ್ಕೂ ಗೆರೆ ಪಟ್ಟಿ ಅಂಟಿಸಿ. ಒಂದು ಮಧ್ಯಾಹ್ನ ನೋಡಲು ಹೋದೆ. ಗಂಟಲು ಒಣಗಿ ದನಿ ಹೊರಡುತ್ತಿರಲಿಲ್ಲ. "ಕುಡಿದ ಮೇಲೇ ಜಾಸ್ತಿ ಆಗುತ್ತೆ ಕಣೇ" ಎಂದರು. ನಾನು ಮಹಾ ಜಾಣೆ, ಹೇಳಿದೆ: "ಮನೇಲೇ ಕಾಂಪೌಂಡರು ಇಟ್ಕೊಂಡು ಇದೆಂಥಾ ಮಾತು ಮಾರಾಯ್ತಿ? ಕಣ್ಮುಚ್ಕೊಂಡು ಕುಡೀರಿ." ನಾನೇ ಬಟ್ಟಲಿಗೆ ಬಗ್ಗಿಸಿ ಕೊಟ್ಟೆ. ಅವರು ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತ ಕುಡಿದರು.

ನಾಲ್ಕನೆಯ ದಿನ ತೀರಿಕೊಂಡರು. ಕಾಂಪೌಂಡರು ಹಣೆ ಚಚ್ಚಿಕೊಂಡು ಅತ್ತರು. ಊರೇ ಅತ್ತಿತು, ನಾನೂ ಅತ್ತೆ.

ಮಣ್ಣು ಮಾಡಿದ ಮರುದಿನ ನಮ್ಮತ್ತೆ ಆ ಮನೆಯನ್ನು ಗುಡಿಸಿ ಸಾರಿಸಿ ಬಂದರು. ಬರುವಾಗ ಸೆರಗಿನಲ್ಲಿ ಒಂದು ಬಾಟಲಿ. "ಮಂಚದ ಸಂದೀಲಿ ಬಿದ್ದಿತ್ತು. ಒಳ್ಳೆ ಟಾನಿಕ್ಕು, ಇನ್ನೂ ಮೂರು ಗೆರೆ ಐತೆ. ದಂಡ ಯಾಕೆ ಮಾಡೋದು? ಬಸುರಿ ಹೆಂಗಸು, ಕುಡಿ, ರಕ್ತ ಆಗುತ್ತೆ."

"ಸತ್ತೋರ ಮನೇದಲ್ವಾ ಅತ್ತೆ?" ಎಂದೆ.

"ಲಿಂಗ ಕಟ್ಕೊಂಡೋರಿಗೆ ಸೂತಕ ಎಂಥದ್ದೇ?" ಎಂದು ಬೈದರು.

ಬೇರೆಯವರಾಗಿದ್ದರೆ ಸಾವಿನ ಮನೆಯ ಒಂದು ಕಡ್ಡಿಯನ್ನೂ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಸೂತಕವಿಲ್ಲ, ಅದೇ ನನ್ನ ಪ್ರಾಣಕ್ಕೆ ಬಂತು. ಮಾರನೆಯ ದಿನ ಬೆಳಗ್ಗೆ ಒಂದು ಗೆರೆ ಕುಡಿದೆ. ಸ್ವಲ್ಪ ಹೊತ್ತಿಗೆ ಹೊಟ್ಟೆ ಉರಿಯಿತು. ಬಸುರಿನ ಉರಿ ಎಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾದೆ. ಮಧ್ಯಾಹ್ನ ಎರಡನೆಯ ಗೆರೆಯನ್ನು ಬಟ್ಟಲಿಗೆ ಬಗ್ಗಿಸಿ ಬಾಯಿಯ ಹತ್ತಿರ ತಂದಿದ್ದೆ. ಅಷ್ಟರಲ್ಲಿ ಕಾಂಪೌಂಡರು ಹನ್ನೊಂದನೆಯ ದಿನದ ಊಟದ ವಿಷಯ ಮಾತಾಡಲು ಬಾಗಿಲಿಗೆ ಬಂದರು. ಗೂಡಿನಲ್ಲಿದ್ದ ಬಾಟಲಿಯ ಮೇಲೆ ಅವರ ಕಣ್ಣು ಬಿತ್ತು. ಪಟ್ಟಿಯೂ ಅವರದೇ, ಕಚ್ಚೂ ಅವರದೇ.

ಬಟ್ಟಲು ನನ್ನ ಕೈಯಿಂದ ಹಾರಿ ಗೋಡೆಗೆ ಬಡಿಯಿತು. ಎಂದೂ ನಮ್ಮ ಹೊಸಿಲು ದಾಟದವರು ನನ್ನ ಕತ್ತು ಹಿಡಿದು ಬಗ್ಗಿಸಿದ್ದರು. "ಎಷ್ಟು ಕುಡ್ದೆ? ಹೇಳೇ, ಎಷ್ಟು ಗೆರೆ ಕುಡ್ದೆ?" ಉಪ್ಪುನೀರು ಹಾಕಿ, ಗಂಟಲಿಗೆ ಬೆರಳು ತುರುಕಿ ವಾಂತಿ ಮಾಡಿಸಿದರು. ಆ ಉಗುರು ಅಂಗುಳಕ್ಕೆ ಚುಚ್ಚಿದ್ದು ನನಗೆ ಈಗಲೂ ನೆನಪಿದೆ. ಆಮೇಲೆ ಬೀದಿಗೆ ಓಡಿ "ಅಕ್ಕಾ, ಮೊಟ್ಟೆ! ಇದ್ದಷ್ಟೂ ಕೊಡಿ!" ಎಂದು ಕೂಗಿದರು. ತಮಿಳರ ಅಕ್ಕ "ಎನ್ನಮ್ಮಾ ಆಯ್ತು?" ಎನ್ನುತ್ತ ಮಡಿಲಲ್ಲಿ ತಂದಳು. ಅವರು ತಮ್ಮ ಕೈಯಾರೆ ಒಡೆದರು. ಒಂದಾದ ಮೇಲೊಂದು, ನಾಲ್ಕು ಮೊಟ್ಟೆಯ ಬಿಳಿ ಲೋಳೆಯನ್ನು ನನ್ನ ಬಾಯಿಗೆ ಸುರಿದು, ಮೂಗು ಹಿಡಿದು ನುಂಗಿಸಿದರು. ಅತ್ತೆ "ಶಿವ ಶಿವಾ, ಜಾತಿ ಕೆಡಿಸಿದ್ರಲ್ಲೋ!" ಎಂದು ಕಿರುಚುತ್ತಿದ್ದರು.

ಕಿರುಚುತ್ತಿದ್ದವರು ಥಟ್ಟನೆ ಸುಮ್ಮನಾದರು. ಗೂಡಿನಿಂದ ಬಾಟಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕಾಂಪೌಂಡರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಕೈಯಿಂದ ಲೋಳೆ ಇಳಿಯುತ್ತಿತ್ತು. "ಅಮ್ಮಾ, ಆ ಬಾಟ್ಲಿ ಇತ್ತ ಕೊಡಿ. ಕೆಟ್ಟೋಗಿದೆ ಅದು. ಚೆಲ್ಲಿಬಿಡ್ತೀನಿ." ದನಿ ಮೆತ್ತಗಾಗಿತ್ತು, "ತಂಗೀ, ನಾಲಿಗೆ ತೋರ್ಸು" ಎನ್ನುತ್ತಿದ್ದ ಅದೇ ದನಿ. ತಮಿಳರ ಅಕ್ಕ ಜನ ಕರೆಯಲು ಓಡಿದ್ದಳು. ಮುಂದಿನ ಬಾಗಿಲಲ್ಲಿ ಅವರು, ಮನೆಯ ಗಂಡಸು ಕಾರ್ಖಾನೆಯಲ್ಲಿ. ನಾನು ನೆಲಕ್ಕೆ ಬಿದ್ದು ಹೊಟ್ಟೆ ಹಿಡಿದುಕೊಂಡಿದ್ದೆ.

ಅತ್ತೆ ಸೊಂಟದ ಬಾಟಲಿಯನ್ನು ಒತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಆದರೂ ಕೇಳಿದರು: "ಕೆಟ್ಟಿದ್ದು ಕುಡಿದ್ರೆ ವಾಂತಿ ಮಾಡಿಸ್ತಾರೆ, ಸರಿ. ಮೊಟ್ಟೆ ಯಾಕೆ ಹಾಕಿದ್ರಿ? ನೀವು! ಮೊಟ್ಟೆ!"

ಅವರು ಲೋಳೆಯ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಮೊಟ್ಟೆ ಹಾಕಿದ್ರೆ ವಿಷ ಮುರಿದು ಜೀವ ಉಳಿಯುತ್ತೆ ಅಂತ ಗೊತ್ತಿತ್ತಲ್ಲಪ್ಪಾ. ಹಂಗಾರೆ ನಿನ್ನ ಹೆಂಡ್ತಿಗೆ ಯಾಕೆ ಹಾಕ್ಲಿಲ್ಲ?"

ಕಾಂಪೌಂಡರು ಹೊಸಿಲ ಮೇಲೆ ಕುಸಿದು ಕೂತರು. ಓಡಲಿಲ್ಲ, ಬಾಟಲಿ ಕಸಿದುಕೊಳ್ಳಲೂ ಇಲ್ಲ. ಜನ ಸೇರುವವರೆಗೂ ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಮೊಟ್ಟೆಯ ಚೂರನ್ನು ತೆಗೆಯುತ್ತ ಕೂತಿದ್ದರು.

ಮೂರರಲ್ಲಿ ಒಂದು ಗೆರೆ ನನ್ನ ಹೊಟ್ಟೆಗೆ ಹೋಗಿತ್ತು, ಒಂದು ಗೋಡೆಗೆ. ಉಳಿದ ಒಂದು ಕೋರ್ಟಿಗೆ ಹೋಯಿತು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಪೊಲೀಸರು ಸಮಾಧಿ ಅಗೆಸಿದರು. ದೇಹದಲ್ಲೂ ಬಾಟಲಿಯಲ್ಲೂ ಇದ್ದದ್ದು ಒಂದೇ ವಿಷ ಎಂದು ವರದಿ ಬಂತು. ಕಾಂಪೌಂಡರು ಎರಡನೇ ಮದುವೆಗೆಂದು ಸೋಗಾನೆ ಕಡೆ ಒಂದು ಹುಡುಗಿಯನ್ನು ನೋಡಿಬಂದಿದ್ದರಂತೆ. ಹೆಂಡತಿ ಇರುವವನಿಗೆ ಕೊಡುವುದಿಲ್ಲ, ಈಗ ಕಾನೂನೂ ಬಂದಿದೆ ಎಂದು ಆ ಹುಡುಗಿಯ ಅಪ್ಪ ಹೇಳಿದ್ದನಂತೆ. ಬಾಟಲಿ ಸತ್ತವರ ಹಾಸಿಗೆಯ ಜೊತೆ ಭದ್ರಾ ಹೊಳೆಗೆ ಹೋಯಿತು ಎಂದು ಇವರು ತಿಳಿದಿದ್ದರಂತೆ.

ಶಿವಮೊಗ್ಗದ ಕೋರ್ಟಿನಲ್ಲಿ ಎಂಟು ತಿಂಗಳ ಹೊಟ್ಟೆ ಹೊತ್ತು ಸಾಕ್ಷಿ ಹೇಳಿದೆ. "ಆರೋಪಿ ನಿನ್ನ ಜೀವ ಉಳಿಸಿದ್ದು ನಿಜವಾ?" ಎಂದು ಅವರ ವಕೀಲರೇ ಕೇಳಿದರು, ಒಳ್ಳೆಯ ಮಾತಾಗುತ್ತದೆ ಎಂದು. ನಿಜ ಎಂದೆ. ಆ ನಿಜವೇ ಅವರ ಕುತ್ತಿಗೆಗೆ ಬಂತು. ವಿಷವೆಂದು ಗೊತ್ತಿಲ್ಲದವರು ಉಳಿಸುವುದು ಹೇಗೆ? ಜೀವಾವಧಿ ಶಿಕ್ಷೆಯಾಯಿತು. ಪೊಲೀಸರು ಕರೆದೊಯ್ಯುವಾಗ ನನ್ನ ಪಕ್ಕದಲ್ಲೇ ಹಾದರು. "ತಂಗೀ, ಮಗು ಅಲುಗಾಡ್ತಿದೆಯಾ?" ಎಂದರು. ನಾನು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ. ಆದರೂ ಹೌದೆಂದು ತಲೆಯಾಡಿಸಿದೆ.

ಮಗ ಹುಟ್ಟಿದ, ಗುಂಡುಗಲ್ಲಿನ ಹಾಗೆ ಬೆಳೆದ. ಅವನಿಗೆ ಆರು ವರ್ಷವಾದಾಗ ಕಾಂಪೌಂಡರು ಜೈಲಿನಲ್ಲೇ ತೀರಿಕೊಂಡರು. ಅವರು ನನ್ನನ್ನು ಬಿಟ್ಟಿದ್ದರೆ, ಸುಮ್ಮನೆ ಬಾಗಿಲಿಂದ ಹಿಂದಕ್ಕೆ ಹೋಗಿದ್ದರೆ, ಅವರ ಗುಟ್ಟು ನನ್ನ ಜೊತೆ ಮಣ್ಣಾಗುತ್ತಿತ್ತು. ಆ ಋಣವನ್ನು ನಾನು ಯಾವ ಬಾಯಿಂದ ಹೇಳಲಿ? ಅವರ ಹೆಂಡತಿ ನನ್ನನ್ನೇ ನೋಡುತ್ತ ಕುಡಿದ ಬಟ್ಟಲನ್ನು ಯಾವ ಬಾಯಿಂದ ಮರೆಯಲಿ?

ಭಯ ಮಾತ್ರ ಹೋಗಲಿಲ್ಲ. ನನ್ನ ಯಜಮಾನರು ದೇವರಂಥವರು. ಆದರೆ ಅವರು ಔಷಧಿ ಕೊಟ್ಟಾಗೆಲ್ಲ, "ನೀವು ಮೊದಲು ಕುಡೀರಿ" ಎನ್ನುತ್ತಿದ್ದೆ. ಪಾಪ, ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ. ಜ್ವರವಿಲ್ಲದ ಮನುಷ್ಯ ಜ್ವರದ ಔಷಧಿಯನ್ನು ಒಂದು ಗುಟುಕು ಕುಡಿದು, ನಾಲಿಗೆ ತೋರಿಸಿ, ಆಮೇಲೆ ಕೊಡುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆಯಿತು. ಅವರ ಕೊನೆಯ ಕಾಯಿಲೆಯಲ್ಲಿ ಔಷಧಿ ಕುಡಿಸುವ ಸರದಿ ನನ್ನದಾಯಿತು. ಮೊದಲ ದಿನ ಚಮಚ ಹಿಡಿದು, ಅವರು ಕೇಳುತ್ತಾರೆಂದು ನಾನೇ ಮೊದಲು ಕುಡಿಯಲು ಹೋದೆ. ಅವರು ನನ್ನ ಕೈ ತಡೆದು, ಕಣ್ಣು ಮುಚ್ಚಿ, ಬಾಯಿ ತೆರೆದರು.